ಅನ್ನವಿಕ್ಕಿದ ಊರು ಬಳ್ಳಿಗಾವೆ

ಚನ್ನಗಿರಿ ತಾಲ್ಲೂಕಿನ ನಲ್ಲೂರಿನ ಹೆಸರನ್ನು ಒಮ್ಮೆ ಬಿಡಿಸಿ ನೋಡಿ. ಹಳಗನ್ನಡದಲ್ಲಿ ‘ನಲ್’ ಎಂದರೆ ಒಳ್ಳೆಯದು. ನಲ್ಮೆ, ನಲ್ನುಡಿ, ನಲ್ಲ, ನಲ್ಲೆ ಎಂಬ ಮಾತುಗಳೆಲ್ಲ ಆ ಬೇರಿನಿಂದಲೇ ಚಿಗುರಿದವು. ಹಾಗಾಗಿ ನಲ್ಲೂರು ಎಂದರೆ ಒಳ್ಳೆಯ ಊರು. ಕನ್ನಡ ಮತ್ತು ತಮಿಳು ನಾಡುಗಳಲ್ಲಿ ಇದೇ ಹೆಸರಿನ ಊರುಗಳು ಹಲವಾರಿವೆ. ನಮ್ಮ ಹಿರಿಯರು ತಾವು ನೆಲೆನಿಂತ ಸ್ಥಳವನ್ನು ಹೀಗೆ ಕರೆಯಲು ಹಂಬಲಿಸಿದರು ಎಂಬುದನ್ನು ಇದು ತೋರಿಸುತ್ತದೆ. ಆದರೆ ಒಂದು ಊರು ಒಳ್ಳೆಯದೆನಿಸಿಕೊಳ್ಳುವುದು ಯಾವುದರಿಂದ? ಅಡಿಕೆ ತೋಟಗಳಿಂದಲೇ, ಮಹಡಿ ಮನೆಗಳಿಂದಲೇ, ರಸ್ತೆ ಬದಿಯ ಅಂಗಡಿ ಸಾಲುಗಳಿಂದಲೇ? ಈ ಪ್ರಶ್ನೆಗೆ ಎಂಟೂವರೆ ಶತಮಾನಗಳ ಹಿಂದೆಯೇ ಕಲ್ಲಿನ ಮೇಲೆ ಬರೆದಿಟ್ಟ ಉತ್ತರವೊಂದಿದೆ. ಆ ಕಲ್ಲು ನಮಗೆ ಬಹು ದೂರದಲ್ಲಿಲ್ಲ. ಅದನ್ನು ಕಾಣಲು ನಾವು ಬಳ್ಳಿಗಾವಿಗೆ ಹೋಗಬೇಕು.

ಚನ್ನಗಿರಿ ಮತ್ತು ಬಳ್ಳಿಗಾವಿಗಳ ನಂಟು ಹೊಸದಲ್ಲ. 1997ರಲ್ಲಿ ದಾವಣಗೆರೆ ಜಿಲ್ಲೆ ರಚನೆಯಾಗುವವರೆಗೆ ಚನ್ನಗಿರಿ ಮತ್ತು ಹೊನ್ನಾಳಿ ತಾಲ್ಲೂಕುಗಳು ಶಿವಮೊಗ್ಗ ಜಿಲ್ಲೆಗೇ ಸೇರಿದ್ದವು. 1902ರಲ್ಲಿ ಪ್ರಕಟವಾದ ‘ಎಪಿಗ್ರಾಫಿಯ ಕರ್ನಾಟಿಕ’ದ ಏಳನೆಯ ಸಂಪುಟದಲ್ಲಿ ಶಿವಮೊಗ್ಗ, ಶಿಕಾರಿಪುರ, ಹೊನ್ನಾಳಿ ಮತ್ತು ಚನ್ನಗಿರಿ ತಾಲ್ಲೂಕುಗಳ ಶಾಸನಗಳು ಒಂದೇ ರಟ್ಟಿನ ನಡುವೆ ಕುಳಿತಿವೆ. ಆ ಗ್ರಂಥಮಾಲೆಯನ್ನು ಸಿದ್ಧಪಡಿಸಿದವರು ಬಿ. ಎಲ್. ರೈಸ್. ಅವರು 1837ರಲ್ಲಿ ಬೆಂಗಳೂರಿನಲ್ಲಿ ಜನಿಸಿದವರು; ಕನ್ನಡ ಬಲ್ಲ ಪ್ರಾಟೆಸ್ಟೆಂಟ್ ಮಿಷನರಿಯೊಬ್ಬರ ಮಗ. ಮೈಸೂರು ಸಂಸ್ಥಾನದ ಹಳ್ಳಿಹಳ್ಳಿಗಳಲ್ಲಿದ್ದ ಸಾವಿರಾರು ಶಾಸನಗಳ ಅಚ್ಚುಗಳನ್ನು ತೆಗೆಸಿ, ಓದಿಸಿ, ಅಚ್ಚು ಹಾಕಿಸಿದ ಅವರ ಶ್ರಮದಿಂದಲೇ ನಾವು ಇಂದು ಬಳ್ಳಿಗಾವಿಯ ಕಥೆಯನ್ನು ಹೇಳಲು ಸಾಧ್ಯವಾಗಿದೆ.

ನಲ್ಲೂರಿನ ಕಡೆಯಿಂದ ಹೊರಟವರು ಹೊನ್ನಾಳಿಯ ಬಳಿ ತುಂಗಭದ್ರೆಯನ್ನು ದಾಟಿ, ಶಿಕಾರಿಪುರದ ಮಾರ್ಗವಾಗಿ ಶಿರಾಳಕೊಪ್ಪದ ದಾರಿ ಹಿಡಿದರೆ ಬಳ್ಳಿಗಾವಿ ಸಿಗುತ್ತದೆ. ಅದೊಂದು ಸಾಧಾರಣ ಹಳ್ಳಿ. ಹೆಂಚಿನ ಮನೆಗಳು, ಹುಲ್ಲಿನ ಬಣವೆಗಳು, ಕೆರೆ, ಗದ್ದೆ. ಅಪರಿಚಿತರನ್ನು ಕಂಡು ಒಂದು ಕ್ಷಣ ನಿಂತು ಮತ್ತೆ ಆಟಕ್ಕೆ ಮರಳುವ ಮಕ್ಕಳು. ಊರಿನ ಗದ್ದಲ ಇಷ್ಟೇ. ಆದರೆ ಕೆರೆಯ ಪಕ್ಕದಲ್ಲಿ ಕೇದಾರೇಶ್ವರ ದೇವಾಲಯದ ಮೂರು ಶಿಖರಗಳು ಕಣ್ಣಿಗೆ ಬಿದ್ದೊಡನೆ ಈ ಹಳ್ಳಿ ಸಾಮಾನ್ಯವಾದುದಲ್ಲವೆಂಬುದು ತಿಳಿಯುತ್ತದೆ.

ಇಂಗ್ಲೆಂಡಿನಲ್ಲಿ ಪ್ರವಾಸ ಮಾಡಿ ಬಂದವರು ಅಲ್ಲಿನ ಪುಟ್ಟ ಹಳ್ಳಿಗಳ ಕುರಿತು ಅಭಿಮಾನದಿಂದ ಹೇಳುವುದನ್ನು ನೀವು ಕೇಳಿರಬಹುದು. ಹತ್ತಾರು ಮನೆಗಳು, ನಡುವೆ ಕಲ್ಲಿನ ಹಳೆಯ ದೇವಾಲಯ, ಸುತ್ತಲೂ ಸಮಾಧಿಗಳು. ‘ನಮ್ಮ ಹಳ್ಳಿಯ ಹೆಸರು 1086ರ ಡೂಮ್ಸ್‌ಡೇ ಪುಸ್ತಕದಲ್ಲಿಯೇ ಇದೆ’ ಎಂದು ಅಲ್ಲಿನವರು ಎದೆಯುಬ್ಬಿಸಿ ಹೇಳುತ್ತಾರೆ. ವಿಲಿಯಂ ದೊರೆ ತೆರಿಗೆಯ ಲೆಕ್ಕಕ್ಕಾಗಿ ತನ್ನ ರಾಜ್ಯದ ಊರುಗಳನ್ನು ಬರೆಸಿದ ದಾಖಲೆ ಅದು. ಅವರ ಅಭಿಮಾನ ಮೆಚ್ಚತಕ್ಕದ್ದೇ. ಆದರೆ ಆ ಪುಸ್ತಕ ಬರೆಯುವುದಕ್ಕೆ 39 ವರ್ಷಗಳ ಮೊದಲೇ, 1047ರಲ್ಲಿ, ಬನವಾಸಿ ನಾಡನ್ನು ಆಳುತ್ತಿದ್ದ ಚಾವುಂಡರಾಯನು ಬಳ್ಳಿಗಾವಿಯಲ್ಲಿ ಸುಮಾರು 30 ಅಡಿ ಎತ್ತರದ ಗಂಡಭೇರುಂಡ ಸ್ತಂಭವನ್ನು ನಿಲ್ಲಿಸಿದ್ದನು. ಇಂದು ಕರ್ನಾಟಕ ಸರ್ಕಾರದ ಲಾಂಛನದಲ್ಲಿ ನಾವು ಕಾಣುವ ಆ ಎರಡು ತಲೆಯ ಪಕ್ಷಿ ಅಂದೇ ಈ ಹಳ್ಳಿಯಲ್ಲಿ ಕಲ್ಲಾಗಿ ನಿಂತಿತ್ತು. ನಮ್ಮ ಹಳ್ಳಿಗಳ ಪ್ರಾಚೀನತೆಯನ್ನು ನಾವೇ ಅರಿಯದಿರುವುದು ವಿಷಾದದ ಸಂಗತಿಯಲ್ಲವೇ?

ಶಾಸನಗಳಲ್ಲಿ ಈ ಊರಿನ ಹೆಸರು ಬಳ್ಳಿಗಾವೆ, ಬಳ್ಳಿಪುರ. ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ಅದು ಬನವಾಸಿ ಹನ್ನೆರಡು ಸಾವಿರ ಎಂಬ ವಿಶಾಲ ಪ್ರಾಂತ್ಯದ ರಾಜಧಾನಿ. ಅದರ ಮೊದಲು ಯಾವುದೆಂದು ತಿಳಿಯದಷ್ಟು ಹಳೆಯದೆಂಬ ಅರ್ಥದಲ್ಲಿ ಅದನ್ನು ಅನಾದಿ ರಾಜಧಾನಿ ಎಂದು ಶಾಸನಗಳು ಕರೆಯುತ್ತವೆ. ಅಯ್ಯಾವೊಳೆಯ ಐನೂರ್ವರೆಂಬ ಪ್ರಸಿದ್ಧ ವರ್ತಕ ಸಂಘದ ಪ್ರಶಂಸೆ ಇಲ್ಲಿನ ಕಲ್ಲುಗಳಲ್ಲಿದೆ. ಶರಣ ಅಲ್ಲಮಪ್ರಭು ಹುಟ್ಟಿದ್ದು ಇಲ್ಲಿಯೇ ಎಂಬುದು ಪರಂಪರೆಯ ನಂಬಿಕೆ. ಗುಡಿಯಲ್ಲಿ ಮದ್ದಳೆ ಬಾರಿಸುತ್ತಿದ್ದ ಯುವಕನು ಲೋಕದ ಮೋಹವನ್ನು ತೊರೆದು ಜ್ಞಾನಿಯಾದ ಕಥೆ ನಮಗೆಲ್ಲ ತಿಳಿದದ್ದೇ. ಅಕ್ಕಮಹಾದೇವಿಯ ಉಡುತಡಿಯೂ ಇದೇ ಶಿಕಾರಿಪುರ ಸೀಮೆಯಲ್ಲಿದೆ.

ಈ ಊರಿನಲ್ಲಿ ಐದು ಮಠಗಳಿದ್ದವೆಂದು ಶಾಸನವೊಂದು ಹೇಳುತ್ತದೆ. ಹರಿ, ಹರ, ಬ್ರಹ್ಮ, ಜಿನ ಮತ್ತು ಬುದ್ಧ, ಹೀಗೆ ಐದು ಆರಾಧನಾ ಮಾರ್ಗಗಳಿಗೆ ಸೇರಿದ ಮಠಗಳು. 1065ರಲ್ಲಿ ಚಾಲುಕ್ಯರ ದಂಡನಾಯಕ ರೂಪಭಟ್ಟಯ್ಯನು ಇಲ್ಲಿ ಜಯಂತಿ ಪ್ರಬೌದ್ಧ ವಿಹಾರವೆಂಬ ಬೌದ್ಧ ವಿಹಾರವನ್ನು ಕಟ್ಟಿಸಿದನು. ಕರ್ನಾಟಕದಲ್ಲಿ ಬೌದ್ಧ ಧರ್ಮ ಕ್ಷೀಣಿಸುತ್ತಿದ್ದ ಕಾಲವದು. ಆದರೂ ಈ ಊರು ಅದಕ್ಕೊಂದು ಸ್ಥಳವನ್ನು ಉಳಿಸಿಕೊಂಡಿತ್ತು. ಪಂಥಪಂಥಗಳ ನಡುವೆ ವಾದವಿವಾದಗಳು ಇರಲಿಲ್ಲವೆಂದಲ್ಲ. ಇಲ್ಲಿನ ಗುರುಗಳನ್ನು ಎದುರಾಳಿಗಳನ್ನು ಸೋಲಿಸಿದ ವಾದಿಗಳೆಂದು ಶಾಸನಗಳು ಹೊಗಳುತ್ತವೆ. ಆದರೆ ವಾದ ಮುಗಿದ ಮೇಲೂ ಐದು ಮಠಗಳು ಒಂದೇ ಊರಿನಲ್ಲಿ ಉಳಿದವು ಎಂಬುದನ್ನು ನಾವು ಗಮನಿಸಬೇಕು.

ಇನ್ನು ನಮ್ಮ ಪ್ರಶ್ನೆಗೆ ಉತ್ತರವಿರುವ ಕಲ್ಲಿನ ಬಳಿಗೆ ಬರೋಣ. ಕೇದಾರೇಶ್ವರ ದೇವಾಲಯದ ಸಂಗಡ ಇದ್ದ ಮಠಕ್ಕೆ ಕೋಡಿಯ ಮಠವೆಂದು ಹೆಸರು. ಕೆರೆ ತುಂಬಿದಾಗ ಹೆಚ್ಚಿನ ನೀರು ಹರಿದುಹೋಗುವ ಸ್ಥಳವೇ ಕೋಡಿ. ಶಾಂತಿಸಾಗರವೆಂಬ ಸೂಳೆಕೆರೆಯ ನೆರೆಯಲ್ಲಿ ಬಾಳುವ ಚನ್ನಗಿರಿಯವರಿಗೆ ಈ ಮಾತನ್ನು ವಿವರಿಸಬೇಕಾಗಿಲ್ಲ. ಕೆರೆಕೋಡಿಯ ಬಳಿ ಇದ್ದುದರಿಂದ ಆ ಮಠಕ್ಕೆ ಆ ಹೆಸರು. ಅಲ್ಲಿದ್ದವರು ಕಾಲಾಮುಖರೆಂಬ ಶೈವ ಯತಿಗಳು. ಕೇದಾರಶಕ್ತಿ, ಶ್ರೀಕಂಠ, ಸೋಮೇಶ್ವರ, ಗೌತಮ, ವಾಮಶಕ್ತಿ ಮುಂತಾದ ಗುರುಗಳು ಒಬ್ಬರ ನಂತರ ಒಬ್ಬರು ಆ ಪೀಠದಲ್ಲಿ ಕುಳಿತರು.

1162ರಲ್ಲಿ ಕಳಚುರಿ ದೊರೆ ಬಿಜ್ಜಳನು ದಕ್ಷಿಣದ ದಂಡಯಾತ್ರೆಗಾಗಿ ಬಂದು ಬಳ್ಳಿಗಾವಿಯಲ್ಲಿ ಬೀಡುಬಿಟ್ಟಿದ್ದನು. ಆಗ ಅವನ ಅಧಿಕಾರಿ ಕಸಪಯ್ಯ ನಾಯಕನು ಈ ಮಠದ ಮಹಿಮೆಯನ್ನು ಬಿನ್ನವಿಸಿ, ಇದಕ್ಕೆ ದಾನ ಕೊಡಬೇಕೆಂದು ಕೇಳಿಕೊಂಡನು. ಆ ಸಂದರ್ಭದ ಶಾಸನದಲ್ಲಿ ಮಠದ ವರ್ಣನೆ ಬರುತ್ತದೆ. ಅದನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ, ದಯವಿಟ್ಟು ನಿಧಾನವಾಗಿ ಓದಿ.

ಮೊದಲು ವಿದ್ಯೆಯ ವಿಷಯ ಬರುತ್ತದೆ. ನಾಲ್ಕು ವೇದಗಳು, ಅವುಗಳ ಅಂಗಗಳು, ಹಲವು ವ್ಯಾಕರಣಗಳು, ದರ್ಶನಗಳು, ಯೋಗಶಾಸ್ತ್ರ, ಹದಿನೆಂಟು ಪುರಾಣಗಳು, ಧರ್ಮಶಾಸ್ತ್ರ, ಕಾವ್ಯ, ನಾಟಕ, ನಾಟ್ಯ, ಇವೆಲ್ಲವನ್ನೂ ಅಲ್ಲಿ ಅಭ್ಯಾಸ ಮಾಡುತ್ತಿದ್ದರು. ವ್ಯಾಕರಣಗಳಲ್ಲಿ ಪಾಣಿನಿಯ ಜೊತೆಗೆ ಜೈನ ಪರಂಪರೆಯ ಶಾಕಟಾಯನವೂ ಇದೆ. ದರ್ಶನಗಳಲ್ಲಿ ನ್ಯಾಯ, ಸಾಂಖ್ಯಗಳ ಜೊತೆಗೆ ಬೌದ್ಧವೂ ಇದೆ. ತನ್ನದಲ್ಲದ ಮತದ ಗ್ರಂಥಗಳನ್ನೂ ಕಲಿಸುವಷ್ಟು ಧೈರ್ಯ ಆ ಶೈವ ಮಠಕ್ಕಿತ್ತು.

ಬಳಿಕ ಅನ್ನದ ವಿಷಯ. ದೀನರು, ಅನಾಥರು, ಕುಂಟರು, ಕುರುಡರು, ಕಿವುಡರು ಇವರಿಗೆ ಅಲ್ಲಿ ಊಟ. ಕಥೆ ಹೇಳುವವರು, ಹಾಡುವವರು, ವಾದ್ಯ ನುಡಿಸುವವರು, ಕುಣಿಯುವವರು, ಇವರಿಗೂ ಊಟ. ಉಡಲು ಬಟ್ಟೆಯಿಲ್ಲದವರಿಗೆ, ಅಂಗವಿಕಲರಿಗೆ, ಜೈನ ಭಿಕ್ಷುಗಳಿಗೆ ಸಲ್ಲುವ ಕ್ಷಪಣಕರೆಂಬ ಹೆಸರಿನವರಿಗೆ, ಏಕದಂಡಿ, ತ್ರಿದಂಡಿ ಸಂನ್ಯಾಸಿಗಳಿಗೆ, ನಾನಾ ದೇಶಗಳಿಂದ ಬಂದ ಭಿಕ್ಷುಕರಿಗೆ ಊಟ. ಅನಂತರ ವೈದ್ಯದ ವಿಷಯ. ದಿಕ್ಕಿಲ್ಲದ ರೋಗಿಗಳನ್ನು ಅಲ್ಲಿ ಇರಿಸಿಕೊಂಡು ಔಷಧ ಕೊಡುತ್ತಿದ್ದರು. ಕೊನೆಯದಾಗಿ, ಎಲ್ಲ ಜೀವಿಗಳಿಗೂ ಅಭಯ ದೊರೆಯುವ ಸ್ಥಳ ಅದೆಂದು ಶಾಸನ ಆ ವರ್ಣನೆಯನ್ನು ಮುಗಿಸುತ್ತದೆ.

ಪಾಠಶಾಲೆ, ಅನ್ನಸತ್ರ, ಆಸ್ಪತ್ರೆ, ಆಶ್ರಯ. ನಾಲ್ಕೂ ಒಂದೇ ಸೂರಿನಡಿ. ದೊರೆಗೆ ಈ ಮಠದ ದೊಡ್ಡಸ್ತಿಕೆಯನ್ನು ಹೇಳಬೇಕೆಂದಾಗ ಅದರ ಚಿನ್ನ ಬೆಳ್ಳಿಗಳ ಲೆಕ್ಕ ಮುಂದೆ ಬರಲಿಲ್ಲ. ಯಾರು ಯಾರಿಗೆ ಅಲ್ಲಿ ಎಲೆ ಹಾಕುತ್ತಾರೆಂಬ ಪಟ್ಟಿ ಮುಂದೆ ಬಂತು. ಬಳ್ಳಿಗಾವಿಯ ಉತ್ತರ ಇದೇ. ದಿಕ್ಕಿಲ್ಲದವನು ಹಸಿವಿನಿಂದ ಬಂದಾಗ ಅವನಿಗೆ ಎಲೆ ಹಾಕುವ ಊರೇ ಒಳ್ಳೆಯ ಊರು.

ಕ್ರೈಸ್ತ ಓದುಗರಿಗೆ ಈ ಪಟ್ಟಿ ಎಲ್ಲಿಯೋ ಕೇಳಿದಂತೆ ತೋರಿದರೆ ಆಶ್ಚರ್ಯವಿಲ್ಲ. ಹಬ್ಬದೂಟಕ್ಕೆ ಬಡವರನ್ನು, ಊನರನ್ನು, ಕುಂಟರನ್ನು, ಕುರುಡರನ್ನು ಕರೆಯಬೇಕೆಂದು ಪ್ರಭು ಯೇಸು ಬೋಧಿಸಿದ್ದನ್ನು ಸಂತ ಲೂಕನು ಬರೆದಿದ್ದಾನೆ. ಆರನೆಯ ಶತಮಾನದಲ್ಲಿ ಸಂತ ಬೆನೆಡಿಕ್ಟನು ತನ್ನ ಮಠವಾಸಿಗಳಿಗೆ ನಿಯಮಗಳನ್ನು ರಚಿಸಿದಾಗ, ಬಂದ ಅತಿಥಿಯನ್ನು ಕ್ರಿಸ್ತನನ್ನೇ ಬರಮಾಡಿಕೊಂಡಂತೆ ಬರಮಾಡಿಕೊಳ್ಳಬೇಕೆಂದೂ, ರೋಗಿಗಳ ಆರೈಕೆಯೇ ಎಲ್ಲಕ್ಕಿಂತ ಮೊದಲಿನ ಕರ್ತವ್ಯವೆಂದೂ ವಿಧಿಸಿದನು. ಆ ನಿಯಮ ಯೂರೋಪಿನ ಮಠಗಳ ಬಾಗಿಲನ್ನು ದಾರಿಹೋಕರಿಗೆ ತೆರೆಯಿತು.

ಕೋಡಿಯ ಮಠವು ಉನ್ನತಿಯಲ್ಲಿದ್ದ ಅದೇ ಹನ್ನೆರಡನೆಯ ಶತಮಾನದಲ್ಲಿ, 1130ರ ದಶಕದಲ್ಲಿ, ಇಂಗ್ಲೆಂಡಿನ ವಿಂಚೆಸ್ಟರ್ ಪಟ್ಟಣದ ಹೊರವಲಯದಲ್ಲಿ ಧರ್ಮಾಧ್ಯಕ್ಷ ಹೆನ್ರಿಯವರು ‘ಪವಿತ್ರ ಶಿಲುಬೆಯ ಆಸ್ಪತ್ರೆ’ಯನ್ನು ಸ್ಥಾಪಿಸಿದರು. ಹದಿಮೂರು ಮಂದಿ ದುರ್ಬಲ ಬಡವರಿಗೆ ಅಲ್ಲಿ ಆಶ್ರಯ, ಇನ್ನೂ ನೂರು ಮಂದಿಗೆ ದಿನವೂ ಊಟ. ಸಮುದ್ರಗಳಾಚೆಯ ಆ ಊರಿಗೆ ಬಳ್ಳಿಗಾವಿಯ ಹೆಸರು ತಿಳಿದಿರಲಿಲ್ಲ, ಬಳ್ಳಿಗಾವಿಗೆ ಅದರ ಹೆಸರೂ ತಿಳಿದಿರಲಿಲ್ಲ. ಆದರೂ ಎರಡೂ ಕಡೆಗಳಲ್ಲಿ ದೇವರನ್ನು ಅರಸಿ ಹೊರಟವರು ಹಸಿದವನ ಮುಂದೆ ಬಂದು ನಿಂತರು. ಹದಿನಾರನೆಯ ಶತಮಾನದಲ್ಲಿ ಎಂಟನೆಯ ಹೆನ್ರಿ ದೊರೆಯು ಇಂಗ್ಲೆಂಡಿನ ಮಠಗಳನ್ನು ಮುಚ್ಚಿಸಿದನು. 1536ರಿಂದ 1540ರವರೆಗಿನ ಕೆಲವೇ ವರ್ಷಗಳಲ್ಲಿ ಸುಮಾರು 800 ಮಠಗಳು ಬರಿದಾದವು. ಅವುಗಳ ಬಾಗಿಲಲ್ಲಿ ಕಾಯುತ್ತಿದ್ದ ಬಡವರಿಗೆ ಬೇರೆ ಗತಿ ಕಾಣಿಸಬೇಕಾಯಿತು. 1601ರಲ್ಲಿ ಬಡವರ ಪಾಲನೆಯ ಹೊಣೆಯನ್ನು ಆಯಾ ಧರ್ಮಕೇಂದ್ರಗಳ ಮೇಲೆ ಹೊರಿಸಿ, ಅದಕ್ಕಾಗಿ ತೆರಿಗೆ ಎತ್ತುವ ಕಾನೂನೇ ಬಂತು. ಆದರೆ ವಿಂಚೆಸ್ಟರಿನ ಆ ಆಸ್ಪತ್ರೆ ಮಾತ್ರ ಉಳಿಯಿತು. ದಾರಿಹೋಕನು ಬಾಗಿಲಲ್ಲಿ ನಿಂತು ಕೇಳಿದರೆ ಅಲ್ಲಿ ಇಂದಿಗೂ ಒಂದು ತುಂಡು ರೊಟ್ಟಿಯನ್ನೂ ಒಂದಿಷ್ಟು ಬಿಯರನ್ನೂ ಕೊಡುತ್ತಾರೆ.

ಇಷ್ಟು ಹೇಳಿದ ಮೇಲೆ ಇತಿಹಾಸದ ಇನ್ನೊಂದು ಮುಖವನ್ನೂ ನೋಡದಿದ್ದರೆ ಸತ್ಯಕ್ಕೆ ಅಪಚಾರವಾದೀತು. ಮಠದಲ್ಲಿ ಬೇಯುತ್ತಿದ್ದ ಅಕ್ಕಿ ಎಲ್ಲಿಂದ ಬರುತ್ತಿತ್ತು? ದೊರೆಗಳು, ಅಧಿಕಾರಿಗಳು ಬಿಟ್ಟುಕೊಟ್ಟ ಗದ್ದೆಗಳಿಂದ, ಊರುಗಳ ಉತ್ಪತ್ತಿಯಿಂದ, ಸುಂಕಗಳಿಂದ. ದಾನ ಕೊಟ್ಟವನ ಹೆಸರು, ದಾನ ಪಡೆದ ಗುರುವಿನ ಹೆಸರು, ಬರೆದ ಕವಿಯ ಹೆಸರು ಶಾಸನಗಳಲ್ಲಿ ದೊರೆಯುತ್ತವೆ. ಕೆಸರಿನಲ್ಲಿ ನಿಂತು ನಾಟಿ ಮಾಡಿದವಳ ಹೆಸರು ದೊರೆಯುವುದಿಲ್ಲ. ಗದ್ದೆಯ ಎಲ್ಲೆಯನ್ನು ಕಲ್ಲು ಮರಗಳ ಗುರುತು ಹೇಳಿ ಬರೆದವರು ಅದನ್ನು ಉತ್ತವನನ್ನು ಬರೆಯಲಿಲ್ಲ. ಈ ಸೀಮೆಯ ವೀರಗಲ್ಲುಗಳು ದನಗಳ ಹರಣಕ್ಕಾಗಿ, ಊರಿನ ಉಳಿವಿಗಾಗಿ ನಡೆದ ಕಾದಾಟಗಳಲ್ಲಿ ಸತ್ತವರನ್ನು ನೆನೆಸುತ್ತವೆ. ಮಾಸ್ತಿಕಲ್ಲುಗಳು ಗಂಡನ ಚಿತೆಯೇರಿದ ಹೆಣ್ಣುಮಕ್ಕಳ ಮೌನವನ್ನು ಹೊತ್ತು ನಿಂತಿವೆ. ಮಧ್ಯಯುಗದ ಹಳ್ಳಿ ಸ್ವರ್ಗವಾಗಿರಲಿಲ್ಲ. ಎಲ್ಲರಿಗೂ ಅನ್ನವಿಕ್ಕಿದ ಶಾಸನ ಕಡೆದ ಕಾಲದಲ್ಲಿಯೇ, ಯಾರು ಯಾರ ಸಂಗಡ ಕುಳಿತು ಉಣ್ಣಬೇಕೆಂಬ ಕಟ್ಟುಪಾಡುಗಳೂ ಬಲವಾಗಿದ್ದವು.

ಆ ಕಟ್ಟುಪಾಡುಗಳನ್ನು ಪ್ರಶ್ನಿಸುವ ದನಿಯೂ ಅದೇ ಕಾಲದಲ್ಲಿ ಎದ್ದಿತು. 1162ರಲ್ಲಿ ಬಳ್ಳಿಗಾವಿಯಲ್ಲಿ ಬೀಡುಬಿಟ್ಟ ಅದೇ ಬಿಜ್ಜಳನ ಕಲ್ಯಾಣದಲ್ಲಿ ಬಸವಣ್ಣನವರು ಶರಣರನ್ನು ಕೂಡಿಸಿದ್ದರು. ಬಳ್ಳಿಗಾವಿಯಿಂದ ಹೊರಟ ಅಲ್ಲಮಪ್ರಭುವೇ ಅಲ್ಲಿನ ಅನುಭವ ಮಂಟಪಕ್ಕೆ ಅಧ್ಯಕ್ಷರಾದರೆಂದು ಪರಂಪರೆ ಹೇಳುತ್ತದೆ. ಮಠದ ಅನ್ನದಾನ ಹಸಿದವನಿಗೆ ಊಟವನ್ನು ಕೊಟ್ಟರೆ, ಶರಣರ ದಾಸೋಹ ಅವನಿಗೆ ಪಂಕ್ತಿಯಲ್ಲಿ ಸ್ಥಾನವನ್ನೂ ಕೊಟ್ಟಿತು. ಹೊಟ್ಟೆ ತುಂಬಿಸುವುದು ಒಂದು ಹೆಜ್ಜೆ. ಪಕ್ಕದಲ್ಲಿ ಕೂರಿಸಿಕೊಳ್ಳುವುದು ಮತ್ತೊಂದು ಹೆಜ್ಜೆ. ಎರಡನೆಯ ಹೆಜ್ಜೆ ಬಲು ಕಠಿಣವಾದುದೆಂದು ನಮ್ಮ ನಾಡಿನ ಇತಿಹಾಸವೂ, ನಮ್ಮ ಧರ್ಮಸಭೆಯ ಇತಿಹಾಸವೂ ಸಾರಿ ಹೇಳುತ್ತವೆ.

ಕಾಲ ಉರುಳಿತು. ಚಾಲುಕ್ಯರು, ಕಳಚುರಿಗಳು ಹೋದರು. ಹೊಯ್ಸಳರೂ ಸೇವುಣರೂ ಈ ಸೀಮೆಗಾಗಿ ಸೆಣಸಿದರು. ಹದಿನಾಲ್ಕನೆಯ ಶತಮಾನದಲ್ಲಿ ಅಧಿಕಾರದ ಕೇಂದ್ರ ತುಂಗಭದ್ರೆಯ ದಡದಲ್ಲಿ ದೂರದ ವಿಜಯನಗರಕ್ಕೆ ಸರಿಯಿತು. ಕಾಲಾಮುಖ ಪಂಥವೇ ಕಾಲಕ್ರಮದಲ್ಲಿ ಮರೆಯಾಯಿತು. ಬೌದ್ಧ ವಿಹಾರ ಅಳಿಯಿತು. ರಾಜಧಾನಿ ಹಳ್ಳಿಯಾಯಿತು. ಕೇದಾರೇಶ್ವರ ಮತ್ತು ತ್ರಿಪುರಾಂತಕೇಶ್ವರ ದೇವಾಲಯಗಳು ಉಳಿದವು. ಅವು ಇಂದು ಭಾರತೀಯ ಪುರಾತತ್ವ ಸರ್ವೇಕ್ಷಣದ ರಕ್ಷಣೆಯಲ್ಲಿವೆ. ತ್ರಿಪುರಾಂತಕದ ಗೋಡೆಯ ಪಟ್ಟಿಕೆಗಳಲ್ಲಿ ಪಂಚತಂತ್ರದ ಕಥೆಗಳ ಕೆತ್ತನೆಗಳಿವೆ. ಮಕ್ಕಳನ್ನು ಕರೆದುಕೊಂಡು ಹೋದವರು ಅವುಗಳ ಮುಂದೆ ತುಸು ಹೊತ್ತು ನಿಂತು ಕಥೆ ಹೇಳಬಹುದು. ಕೇದಾರೇಶ್ವರದ ಮೂರು ಗರ್ಭಗುಡಿಗಳಲ್ಲಿ ಎರಡು ಶಿವನಿಗೆ, ಒಂದು ವಿಷ್ಣುವಿಗೆ ಮೀಸಲಾಗಿರುವುದನ್ನೂ ತೋರಿಸಬಹುದು. ಆದರೆ ಅಂದು ಎಲೆ ಹಾಕುತ್ತಿದ್ದ ಪಡಸಾಲೆ ಇಂದಿಲ್ಲ. ರೋಗಿಗಳನ್ನು ಮಲಗಿಸುತ್ತಿದ್ದ ಕೋಣೆಯೂ ಇಲ್ಲ. ದೇವರ ಮನೆ ಕಲ್ಲಿನದಾದ್ದರಿಂದ ಉಳಿಯಿತು. ಬಡವರ ಮನೆ ಕರುಣೆಯ ಮೇಲೆ ನಿಂತಿತ್ತು, ಕರುಣೆ ಮಾಡುವವರು ಇಲ್ಲವಾದಾಗ ಅದೂ ಇಲ್ಲವಾಯಿತು.

ಪ್ರಿಯ ಓದುಗರೇ, ಬಳ್ಳಿಗಾವಿಯಿಂದ ನಾವು ಎರಡು ಕೆಲಸಗಳನ್ನು ಹೊತ್ತು ತರಬೇಕೆಂದು ನನಗನಿಸುತ್ತದೆ. ಮೊದಲನೆಯದು ಸುಲಭದ್ದು. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಸೀಮೆಗಳ ಹೊಲದ ಬದುಗಳಲ್ಲಿ, ಕೆರೆ ಏರಿಗಳಲ್ಲಿ, ಹಾಳು ಗುಡಿಗಳ ಹಿಂದೆ ಬರಹದ ಕಲ್ಲುಗಳನ್ನೂ ವೀರಗಲ್ಲುಗಳನ್ನೂ ಕಂಡರೆ ಅವನ್ನು ಒಗೆಯುವ ಕಲ್ಲಾಗಿಸಬೇಡಿ, ತಳಪಾಯಕ್ಕೆ ಹಾಕಬೇಡಿ, ನಿಧಿಯ ಆಸೆಯಿಂದ ಅಗೆಯುವವರಿಗೆ ಬಿಟ್ಟುಕೊಡಬೇಡಿ. ಯಾವ ಧರ್ಮದವರು ನಿಲ್ಲಿಸಿದ ಕಲ್ಲಾದರೂ ಅದು ನಮ್ಮೆಲ್ಲರ ಊರಿನ ನೆನಪು. ಪಂಚಾಯಿತಿಗೆ ಹಾಗೂ ಪುರಾತತ್ವ ಇಲಾಖೆಗೆ ತಿಳಿಸಿ, ಶಾಲೆಯ ಮಕ್ಕಳಿಗೆ ತೋರಿಸಿ. ಎಪ್ಪತ್ತು ಎಂಬತ್ತು ವರ್ಷದ ಅಜ್ಜ ಅಜ್ಜಿಯರು ಆ ಕಲ್ಲಿನ ಬಗ್ಗೆ ಹೇಳುವುದನ್ನು ಬರೆದಿಡಿ.

ಎರಡನೆಯದು ಕಷ್ಟದ್ದು. ನಮ್ಮ ಧರ್ಮಕೇಂದ್ರಗಳಲ್ಲಿ ಪಾಲಕ ಸಂತರ ಹಬ್ಬಕ್ಕೆ ಅಡುಗೆ ಮಾಡಿ ಬಡಿಸುತ್ತೇವೆ. ಮದುವೆ, ನಾಮಕರಣ, ತಿಥಿಗಳಲ್ಲಿ ನೂರಾರು ಎಲೆಗಳು ಏಳುತ್ತವೆ. ಆ ಎಲೆಗಳ ಮುಂದೆ ಯಾರು ಕುಳಿತಿರುತ್ತಾರೆ? ನಮಗೆ ಮರಳಿ ಊಟ ಹಾಕಬಲ್ಲವರೇ ಅಲ್ಲವೇ? ಅಡಿಕೆ ಕೊಯ್ಲಿಗೆಂದು ಪರಸ್ಥಳದಿಂದ ಬಂದು ಗುಡಿಸಲು ಹಾಕಿಕೊಂಡ ಕುಟುಂಬ, ಮಕ್ಕಳು ದೂರದೂರುಗಳಿಗೆ ಹೋಗಿ ಒಂಟಿಯಾದ ಮುದುಕಿ, ಹಾಸಿಗೆ ಹಿಡಿದ ನೆರೆಯವರು, ಬೇರೆ ಧರ್ಮದ ಬಡವರು, ಇವರ ಹೆಸರು ನಮ್ಮ ಪಟ್ಟಿಯಲ್ಲಿದೆಯೇ? ಕೋಡಿಯ ಮಠದವರು ತಮ್ಮ ಪಟ್ಟಿಯನ್ನು ಕಲ್ಲಿನ ಮೇಲೆ ಬರೆಸಿದರು. ನಮ್ಮ ಮನೆಯ ಪಟ್ಟಿಯನ್ನು ಕಾಗದದ ಮೇಲಾದರೂ ಬರೆದು ನೋಡಿದರೆ, ಅದು ಎಷ್ಟು ಚಿಕ್ಕದೆಂಬುದು ನಮಗೇ ತಿಳಿಯುತ್ತದೆ.

ಊರಿಗೆ ಒಳ್ಳೆಯ ಹೆಸರಿಡುವುದು ಹಿರಿಯರ ಕೈಯಲ್ಲಿತ್ತು. ಆ ಹೆಸರನ್ನು ನಿಜ ಮಾಡುವುದು ನಮ್ಮ ಕೈಯಲ್ಲಿದೆ. ಕೆರೆ ತುಂಬಿದಾಗ ಕೋಡಿ ಬೀಳಲೇಬೇಕು. ಇಲ್ಲವಾದರೆ ಏರಿಯೇ ಒಡೆಯುತ್ತದೆ. ತುಂಬಿದ ಮನೆಯ ನೀತಿಯೂ ಅಷ್ಟೇ.